ಫ್ಯಾನಿಗೆ ಬಿಟ್ಟ ಮಗ್ಗದ ಎಣ್ಣೆ

ನಮ್ಮ ಮನೆಯ ಕಂಪ್ಯೂಟರ್ ಕೆಟ್ಟದ್ದು ನನ್ನ ಕೈಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಡ ಮಾಡಿ ಹೇಳಿದರೆ ಏನಾಗುತ್ತದೆಂದು ಕಂಡಿದ್ದೇನೆ.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಮುಂದಿನ ಪಡಸಾಲೆಯಲ್ಲಿ ಕರೆಂಟಿನ ಮಗ್ಗಗಳು, ಒಳಗಿನ ಕೋಣೆಯಲ್ಲಿ ತಂಗಿಯ ಕಂಪ್ಯೂಟರ್. ಸೀರೆಯ ಅಂಚಿನ ಡಿಸೈನನ್ನು ಆಕೆ ಅದರಲ್ಲಿ ತೆಗೆಯುತ್ತಾಳೆ. ಅದರ ಪ್ರಕಾರ ರಟ್ಟಿಗೆ ತೂತು ಹೊಡೆಸಿ ಮಗ್ಗಕ್ಕೆ ಏರಿಸಿದರೆ ಅಂಚಿನಲ್ಲಿ ಹೂವು ಬರುತ್ತದೆ. ಮೊದಲು ಈ ಕೆಲಸ ಹೊರಗಿನವರಿಗೆ ಹೋಗುತ್ತಿತ್ತು. ಆಕೆ ಕಾಲೇಜಿಗೆ ಹೋಗುವಾಗ ಕಲಿತು ಬಂದಳು. ನಾನು ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ಮಗ್ಗಕ್ಕೆ ನಿಂತವನು. ಎಲ್ಲ ಯಂತ್ರವೂ ಮಗ್ಗದಂತೆಯೇ ಇರುತ್ತದೆ ಎಂದು ತಿಳಿದಿದ್ದೆ.

ಅಮಾವಾಸ್ಯೆಗೆ ನಾವು ಮಗ್ಗ ನಡೆಸುವುದಿಲ್ಲ. ಅವತ್ತು ಜಾಡಿಸಿ, ಒರೆಸಿ, ತಿರುಗುವ ಕಡೆಗೆಲ್ಲ ಎಣ್ಣೆ ಬಿಟ್ಟು, ಕಾಯಿ ಒಡೆಯುತ್ತೇವೆ. ಅಂಥ ಒಂದು ಅಮಾವಾಸ್ಯೆಯ ದಿನ ಎಣ್ಣೆ ಕುಪ್ಪಿ ಹಿಡಿದು ಓಡಾಡುವಾಗ, ಕಂಪ್ಯೂಟರಿನ ಫ್ಯಾನು ಗರಗರ ಅನ್ನುತ್ತದೆಂದು ತಂಗಿ ಹೇಳಿದ್ದು ನೆನಪಾಯಿತು. ಆಕೆ ಗುಡಿಗೆ ಹೋಗಿದ್ದಳು. ಕಂಪ್ಯೂಟರ್ ಡಬ್ಬಿಯ ಮಗ್ಗುಲ ತಗಡು ಬಿಚ್ಚಿ ಫ್ಯಾನಿಗೆ ಧಾರಾಳವಾಗಿ ಎಣ್ಣೆ ಬಿಟ್ಟೆ. ಸಪ್ಪಳ ನಿಂತಿತು. ಹೆಮ್ಮೆಯೂ ಆಯಿತು.

ನೇಕಾರರ ಮನೆಯ ಗಾಳಿಯಲ್ಲೆಲ್ಲ ನೂಲಿನ ಧೂಳು. ಅದೆಲ್ಲ ಬಂದು ಎಣ್ಣೆಗೆ ಕೂತಿತು. ಕೆಲವೇ ದಿನಗಳಲ್ಲಿ ಫ್ಯಾನು ಎಣ್ಣೆಬತ್ತಿ ಸುತ್ತಿದ ಹಾಗೆ ಗಂಟಾಗಿ ನಿಂತಿತು. ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ, ಪರದೆಯ ಮೇಲೆ ಅಕ್ಷರ ಮೂಡುತ್ತವೆ, ಅಷ್ಟರಲ್ಲೇ ಆರಿಹೋಗುತ್ತದೆ. ತಂಗಿ ಬೇರೆ ಪ್ಲಗ್ಗಿಗೆ ಹಾಕಿ ನೋಡಿದಳು. ಒಳಗಿನ ಸಣ್ಣ ಪಟ್ಟಿ ಕಿತ್ತು, ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದಳು. ಆಮೇಲೆ ಫ್ಯಾನು ಮುಟ್ಟಿ ಬೆರಳು ಮೂಸಿದಳು. ನಾನು ಬಾಗಿಲಲ್ಲೇ ನಿಂತಿದ್ದೆ.

“ದಿನಾ ಅದರ ಮುಂದ ಕುಂತ್ರ ಕೆಡದ ಏನಾಗತೈತಿ?” ಎಂದ ಅಪ್ಪ. “ಮುಧೋಳದ ಸಾವ್ಕಾರ್ರು ಐತವಾರ ಡಿಸೈನ್ ನೋಡಾಕ ಬರಾವ್ರದಾರ. ಏನ ತೋರಸ್ತಿ, ನಿನ್ನ ಮಾರಿ?”

“ಡಿಸೈನ್ ಒಳಗ ಅದಾವಪಾ. ತೋರಸ್ತೇನಿ,” ಎಂದಳು. ಎಣ್ಣೆಯ ಮಾತು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಡಬ್ಬಿಯನ್ನು ಹಳೆಯ ಚಾದರದಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಇಬ್ಬರೂ ಬಸ್ಸಿನಲ್ಲಿ ಜಮಖಂಡಿಗೆ ಹೋದೆವು. ರಿಪೇರಿ ಅಂಗಡಿಯವ ಅಪ್ಪನ ಪರಿಚಯದವ. ತಗಡು ಬಿಚ್ಚಿದವನೇ ಮುಖ ಕಿವುಚಿದ.

“ಯಾರ್ರೀ ಇದಕ್ಕ ಎಣ್ಣಿ ಬಿಟ್ಟವ್ರು?”

ನಾನು ರಸ್ತೆಯ ಕಡೆ ನೋಡಿದೆ.

“ನಾನ ಬಿಟ್ಟೇನ್ರಿ,” ಎಂದಳು ತಂಗಿ.

“ಏನ ತಂಗಿ, ಬದನಿಕಾಯಿ ಪಲ್ಯಾ ಅಂತ ತಿಳದ್ಯೇನು? ಒಂದೀಟು ಖಾರಾನೂ ಹಾಕಬೇಕಿತ್ತು.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗೆ ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಬೇಕೆನ್ನಿಸುತ್ತದೆ.

“ಇಂಥಾ ಸಾಮಾನ ಹೆಣ್ಣಮಕ್ಕಳ ಕೈಯಾಗ ಯಾಕ ಕೊಡ್ತೀರಿ?” ಎಂದು ಆತ ನನ್ನನ್ನು ಕೇಳಿದ. “ಎಲ್ಲಾ ಅಳಿಸಿ ಹೊಸಾದಾಗಿ ಹಾಕಿಬಿಡ್ಲೇನ್ರಿ?” ಅದನ್ನೂ ನನ್ನನ್ನೇ ಕೇಳಿದ. ಅಳಿಸುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಹೂಂ ಅನ್ನುವುದರಲ್ಲಿದ್ದೆ.

“ಏನೂ ಅಳಿಸಬ್ಯಾಡ್ರಿ,” ಎಂದಳು ತಂಗಿ. “ಫ್ಯಾನ್ ಅಷ್ಟ ಬದಲಿ ಮಾಡ್ರಿ. ಬಿಸಿ ಆಗಿ ಆರಾಕತ್ತೈತಿ ಅದು.”

ಫ್ಯಾನು ಬದಲಾಯಿತು. ಕಂಪ್ಯೂಟರ್ ಹತ್ತಿತು, ಆರಲಿಲ್ಲ. ಡಿಸೈನುಗಳೆಲ್ಲ ಇದ್ದವು. ಆದರೂ ಆತ ಆಕೆಯ ಕಡೆ ತಿರುಗಲಿಲ್ಲ. ಬುದ್ಧಿಮಾತನ್ನೆಲ್ಲ ನನಗೆ ಹೇಳಿದ.

ಬಸ್ಸಿನಲ್ಲಿ ಕೇಳಿದೆ, “ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ?”

“ನೀ ಬಾಯಿ ಬಿಡ್ತಿ ಅಂತ ಕಾದ್ನಿ. ಬಿಡಲಿಲ್ಲ.” ಆಮೇಲೆ ಅಂದಳು, “ಎಣ್ಣಿದು ಇರ್ಲಿ ಅಣ್ಣಾ. ನಕ್ಕಿ ಯಾಕ?”

ಡಬ್ಬಿಯ ಚಾದರವನ್ನು ಮತ್ತೊಮ್ಮೆ ಬಿಗಿದು ಕಟ್ಟಿದೆ.

ನಾವು ಮನೆ ಮುಟ್ಟುವುದರೊಳಗೆ ಅಂಗಡಿಯವನ ಫೋನು ಬಂದು, ಪಲ್ಯದ ಕತೆ ಮನೆಯನ್ನೆಲ್ಲ ಸುತ್ತಿತ್ತು. “ನಾಳೆಯಿಂದ ನೀ ಕಂಡಿಕಿ ಸುತ್ತು,” ಎಂದ ಅಪ್ಪ ತಂಗಿಗೆ. ಲಾಳಿಯೊಳಗಿಡುವ, ನೂಲು ಸುತ್ತಿದ ಸಣ್ಣ ಕೊಳವೆ ಅದು. ಬೇರೇನೂ ಬಾರದವರಿಗೆ ಕೊಡುವ ಕೆಲಸ. “ಕಂಪ್ಯೂಟರ್ ನಿಮ್ಮಣ್ಣ ನೋಡ್ಕೋತಾನ. ಇನ್ನ ಮ್ಯಾಲ ಡಿಸೈನ್ ಹೊರಗ ಕೊಡೂಣು.”

“ಎಣ್ಣಿ ಬಿಟ್ಟಾಂವ ನಾನಪಾ,” ಎಂದೆ.

ಅಪ್ಪ ನಕ್ಕ. “ತಂಗಿ ಮ್ಯಾಲ ಎಷ್ಟ ಜೀವ ನೋಡ ಇವಂಗ.” ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಣ್ಣ ಅಂದ್ರ ಹಿಂಗಿರಬೇಕು.” ಅಮಾವಾಸ್ಯೆ, ಕುಪ್ಪಿ, ಎಲ್ಲ ಬಿಡಿಸಿ ಹೇಳಿದೆ. “ಆತು ಬಿಡೋ, ಭಾಳ ಸುಳ್ಳ ಹೇಳಬ್ಯಾಡ,” ಎಂದ ಅಪ್ಪ.

ಇದೆಂಥ ನ್ಯಾಯ? “ತಪ್ಪು ನನ್ನದು” ಎಂದು ಆಕೆ ಸುಳ್ಳು ಹೇಳಿದರೆ ಕೇಳಿದವರೆಲ್ಲ ಒಂದೇ ಮಾತಿಗೆ ನಂಬಿದರು. ಅದೇ ಮಾತನ್ನು ನಾನು ಖರೆ ಹೇಳಿದರೆ ನನ್ನನ್ನು ಹೊಗಳಿದರು. ಬೈದಿದ್ದರೆ ಚಲೋ ಇತ್ತು.

ಐತವಾರ ಸಾವುಕಾರರು ಬಂದರು. ಅಪ್ಪ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಅದು ಚೆನ್ನಾಗಿಯೇ ಹತ್ತಿತು. ಒಳಗೆ ಯಾವುದನ್ನು ಒತ್ತಿದರೆ ಡಿಸೈನು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕುರ್ಚಿಯಿಂದ ಎದ್ದೆ.

“ಇದು ನನ್ನ ಕೈಲೆ ಆಗೂದಿಲ್ರಿ, ಸಾವ್ಕಾರ್ರ. ಡಿಸೈನ್ ತಗದಾಕಿ ನನ್ನ ತಂಗಿ. ಕಂಪ್ಯೂಟರ್ ಕೆಡಿಸಿದಾಂವ ನಾನು. ರಿಪೇರಿ ಅಂಗಡ್ಯಾಗ ಆಕಿ ಮರ್ಯಾದಿ ಕಳದಾಂವನೂ ನಾನ.”

ಅಪ್ಪನ ಮುಖ ಕಪ್ಪಿಟ್ಟಿತು. ಪಡಸಾಲೆಗೆ ಕೇಳುವಂತೆ ತಂಗಿಯನ್ನು ಕೂಗಿದೆ.

“ಈ ಕಂಡಿಕಿ ಮುಗಿಸಿ ಬರ್ತೇನಂತ ಹೇಳ,” ಅಂತ ಅಲ್ಲಿಂದಲೇ ಅಂದಳು.

ಅಪ್ಪ ಗದರಿಸಲು ಬಾಯಿ ತೆರೆದ. “ತಡಿಯಪಾ, ಬರ್ಲಿ,” ಎಂದೆ. ಸಾವುಕಾರರು ಎಲೆ ಅಡಿಕೆಯ ಚೀಲ ಬಿಚ್ಚಿ ಆರಾಮಾಗಿ ಕುಳಿತರು. ಅಪ್ಪನೂ ಕುಳಿತ. ನಾನು ಖಾಲಿ ಕುರ್ಚಿಯ ಪಕ್ಕದಲ್ಲಿ ನಿಂತೇ ಇದ್ದೆ.