ತೊಟ್ಟಿಲಿಗೆ ಸಿಕ್ಕ ಹಾಡು

ಈಗಿನ ಹಾಡುಗಾರರಲ್ಲಿ ನೂರು ವರ್ಷ ಉಳಿಯೋರು ಯಾರು ಅಂತ ಚಳ್ಳಕೆರೆಯ ಚಾ ಅಂಗಡಿಯಲ್ಲಿ ನಾನು ಮಾಡದ ಜಗಳವಿಲ್ಲ. ನನ್ನ ಮೆಚ್ಚಿನ ಗಾಯಕಿಯನ್ನು ಯಾರಾದರೂ ತಳ್ಳಿಹಾಕಿದರೆ ಮೈ ಉರಿಯುತ್ತಿತ್ತು.

ಮೊನ್ನೆ ಮೊಳಕಾಲ್ಮೂರಿನಲ್ಲಿ ತಂಗಿಯ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಮಗ್ಗ ನಿಲ್ಲಿಸಿ ಬಂದ ಹೆಂಗಸರು ತೊಟ್ಟಿಲ ಸುತ್ತ ನಿಂತರು. ಜೋಗುಳ ಬಲ್ಲ ಅಜ್ಜಿ ಹೋದ ವರ್ಷವೇ ತೀರಿಕೊಂಡಿದ್ದಳು. ಮಗು ಅಳತೊಡಗಿತು.

"ಯಾವಾಗ್ಲೂ ಹಾಡು ಹಾಡು ಅಂತ ಸಾಯ್ತೀಯಲ್ಲಣ್ಣ, ಒಂದಾದ್ರೂ ಹಾಡು," ಅಂದಳು ತಂಗಿ.

ಆ ಗಾಯಕಿಯ ಹಾಡು ಶುರು ಮಾಡಿದೆ. ಎರಡನೇ ಸಾಲು ಬಾಯಿಗೆ ಬರಲಿಲ್ಲ. ಇಷ್ಟು ವರ್ಷ ಹಾಡಿದ್ದು ಮೊಬೈಲು, ನಾನಲ್ಲ. ಅದನ್ನೇ ತೆಗೆದೆ, ಗುಡ್ಡದ ಮಗ್ಗುಲ ಮನೆ, ನೆಟ್‌ವರ್ಕ್ ಇಲ್ಲ.

ಅಷ್ಟರಲ್ಲಿ ಅವ್ವ ಏನೋ ಗುನುಗಿದಳು. ಒಬ್ಬೊಬ್ಬರಾಗಿ ಎಲ್ಲರೂ ದನಿಗೂಡಿಸಿದರು. ನೋಡಿದರೆ, ದಿನಾ ಬೆಳಿಗ್ಗೆ ಬೀದಿಗೆ ಬರುವ ಕಸದ ಗಾಡಿಯ ಹಾಡು! ಅದನ್ನು ಹಾಡಿದವರು ಯಾರೋ, ಅಲ್ಲಿ ಒಬ್ಬರಿಗೂ ಗೊತ್ತಿಲ್ಲ.

"ನಿಲ್ಲಿಸವ್ವಾ," ಅಂತ ರೇಗಿದೆ.

"ಸುಮ್ಕಿರು, ಕೂಸು ಮಲಗ್ತೈತೆ."

ನಿಜ, ಮಗುವಿನ ಕಣ್ಣು ಮುಚ್ಚುತ್ತಿತ್ತು. ತೊಟ್ಟಿಲ ಹಗ್ಗವನ್ನು ಅವ್ವ ನನ್ನ ಕೈಗೆ ಕೊಟ್ಟಳು. ಏನು ಮಾಡಲಿ, ತೂಗುತ್ತಾ ನಾನೂ ಹಾಡಿದೆ. ಕೊನೆಯ ಸಾಲಿನವರೆಗೂ ಒಂದು ಮಾತೂ ತಪ್ಪಲಿಲ್ಲ.