ಸೊಪ್ಪು ಬಿಡಿಸುತ್ತ ದೆವ್ವ ನೋಡಿದ ವೈನಿ

ವೈನಿಯ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಮೆಂತ್ಯದ ಸೊಪ್ಪು ಬಿಡಿಸಿ ಬಿಡಿಸಿ ಹತ್ತಿದ ಬಣ್ಣ ಅದು, ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಹಾರರ್ ಸಿನಿಮಾಗಳ ವಿಮರ್ಶೆ ಬರೆಯುವುದನ್ನು ನಾನು ಕಲಿತದ್ದು ಆ ಉಗುರಿನಿಂದ ಎಂದರೆ ನಗಬೇಡಿ, ನಿಜವಾಗಿ ಹಾಗೇ ಆದದ್ದು.

ಪರದೇಶದ ಈ ಟೋಟೆಮ್ ಲೇಕ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಮೇಲಿನ ಮನೆ. ಗದಗಿನವರು. ಆ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ, ಮೈಸೂರಿನವಳಾದ ನಾನೂ ಹಾಗೇ ಕರೆದೆ. ಗಂಡನ ವೀಸಾದ ಮೇಲೆ ಬಂದ ನನಗೆ ಇಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಮನೆಮಾತು ಉರ್ದು, ಓದಿದ್ದು ಕನ್ನಡ, ಹುಚ್ಚು ಮಾತ್ರ ದೆವ್ವದ ಸಿನಿಮಾಗಳದ್ದು. ಹೇಗೋ ಕನ್ನಡದಲ್ಲೊಂದು ಬ್ಲಾಗ್ ಶುರು ಮಾಡಿ ಕಂಡ ಕಂಡ ಹಾರರ್ ಸಿನಿಮಾದ ಬಗ್ಗೆ ಬರೆಯುತ್ತಿದ್ದೆ. ಈ ದೇಶದಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಒಂದು ಬೆಳಿಗ್ಗೆ ಹಳೆಯ ಕಪ್ಪುಬಿಳುಪು ಸಿನಿಮಾ ಹಾಕಿಕೊಂಡು ಕೂತಿದ್ದೆ. ಟಿವಿಯಲ್ಲಿ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು. ಸ್ವಲ್ಪ ಹೊತ್ತಿಗೆ ಯಾರೋ ನಮ್ಮ ಬಾಗಿಲನ್ನು ದಬದಬ ಬಡಿದರು. ತೆರೆದರೆ ಸೊಪ್ಪಿನ ಚೀಲ ಹಿಡಿದ ವೈನಿ. ಜಗಳಕ್ಕೇ ಬಂದರು ಅಂದುಕೊಂಡೆ.

“ಏನ್ ನೋಡಾಕತ್ತೀರಿ? ಮ್ಯಾಲೆ ಬರೇ ಚೀರೂದು ಕೇಳಸ್ತೈತಿ, ಮುಂದೇನಾತಂತ ತಿಳೀವಲ್ದು. ನಾನೂ ಕೂಡ್ಲೇನು?”

ಒಳಗೆ ಬಂದವರೇ ಸೊಪ್ಪಿಗೆ ಬೆಳಕು ಬೇಕೆಂದು ಕಿಟಕಿಯ ಪರದೆ ಸರಿಸಿದರು. ಎರಡು ತಟ್ಟೆ ತರಿಸಿ, ಒಂದನ್ನು ನನ್ನ ಮುಂದಿಟ್ಟು, ಒಂದನ್ನು ತಾವು ಇಟ್ಟುಕೊಂಡು ಸೊಪ್ಪು ಬಿಡಿಸತೊಡಗಿದರು. ತೆರೆಯ ಮೇಲೆ ದೆವ್ವ ಬಂತು, ಹೋಯಿತು, ಅವರ ಬೆರಳುಗಳು ತಮ್ಮ ಪಾಡಿಗೆ ಆಡುತ್ತಿದ್ದವು. ಆಮೇಲೆ ಒಂಟಿಯಾಗಿ ಉಳಿದ ಆ ಹೆಂಗಸು ಊಟಕ್ಕೆ ಕೂರುವಾಗ, ಸತ್ತುಹೋದ ಅಕ್ಕನಿಗೂ ಒಂದು ತಟ್ಟೆ ಇಟ್ಟಳು. ವೈನಿಯ ಕೈ ಗಕ್ಕನೆ ನಿಂತಿತು.

“ದೆವ್ವ ಬಂದಾಗ ನಿಲ್ಲಲಿಲ್ವಲ್ಲ ನಿಮ್ಮ ಕೈ?” ಅಂದೆ.

“ಬಂದ ಮ್ಯಾಲೆ ಇನ್ನೇನು ಅಂಜೂದು, ತಂಗಿ? ಬಂದ್ಬಿಟ್ಟೈತಲ್ಲ! ಆ ಹೆಣ್ಮಗಳು ಅಕ್ಕಗ ತಾಟ ಇಟ್ಲು ನೋಡು, ಅದು ಅಂಜಿಕಿ.”

ಅದೇ ಸಿನಿಮಾದ ಬಗ್ಗೆ ಹಿಂದೆಯೇ ನೆರಳು ಬೆಳಕು, ಕ್ಯಾಮೆರಾ ಅಂತೆಲ್ಲ ಉದ್ದುದ್ದ ಬರೆದಿಟ್ಟಿದ್ದೆ, ತಟ್ಟೆಯ ವಿಷಯ ಮಾತ್ರ ಬರೆದಿರಲಿಲ್ಲ. ಅವತ್ತಿನಿಂದ ಅದೇ ನಮ್ಮ ಪದ್ಧತಿಯಾಯಿತು. ಕೈ ನಿಂತರೆ ಸಿನಿಮಾ ಗೆದ್ದಿತು, ಸೊಪ್ಪು ಮುಗಿದರೆ ಸೋತಿತು. ಲೋಕವೆಲ್ಲ ಕೊಂಡಾಡುವ ಕಲ್ಟ್ ಸಿನಿಮಾವೊಂದನ್ನು ನೋಡುತ್ತ ವೈನಿ ಚೀಲ ಖಾಲಿ ಮಾಡಿ, ಸಾಲದ್ದಕ್ಕೆ ನನ್ನ ತಟ್ಟೆಗೂ ಕೈಹಾಕಿದರು. ಯಾರೋ ಹೊಸಬರು ಒಂದೇ ಬಚ್ಚಲುಮನೆಯಲ್ಲಿ ಚಿತ್ರೀಕರಿಸಿದ ಪುಟ್ಟ ಸಿನಿಮಾಕ್ಕೆ ತಟ್ಟೆಯನ್ನೇ ಕೆಡವಿದರು! ನಾನು ಓಡಿ ಹೋಗಿ ಬರೆದೆ. ಓದುಗರು ಹೆಚ್ಚಿದರು.

ಆಗ ಪಕ್ಕದೂರು ಇಸ್ಸಾಕ್ವಾದ ಕನ್ನಡದ ಹುಡುಗನೊಬ್ಬ, ಕಂಪ್ಯೂಟರ್ ಇಂಜಿನಿಯರ್, ತನ್ನ ಮನೆಯಲ್ಲೇ ವಾರಾಂತ್ಯಗಳಲ್ಲಿ ಒಂದು ಹಾರರ್ ಸಿನಿಮಾ ಮಾಡಿದ. ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ನಮ್ಮ ಪಾಟ್‌ಲಕ್ ಬಳಗದ ಅರ್ಧ ಜನ ಅದರಲ್ಲಿ ನಟಿಸಿದ್ದರು. ವಿಮರ್ಶೆ ನಾನೇ ಬರೆಯಬೇಕು ಎಂದ. ಹೊಗಳಿದರೆ ನನ್ನ ಬ್ಲಾಗನ್ನು ಯಾರೂ ನಂಬುವುದಿಲ್ಲ, ತೆಗಳಿದರೆ ಪಾಟ್‌ಲಕ್‌ಗೆ ಯಾರೂ ಕರೆಯುವುದಿಲ್ಲ. ಪೇಚಿಗೆ ಸಿಕ್ಕಿ ವೈನಿಯನ್ನೂ ಕರೆದುಕೊಂಡು ಹೊರಟೆ. ಅವರ ಮಗಳು ಚೀಲ ನೋಡಿ, “ಅಮ್ಮಾ, ನೋ! ನಾಟ್ ಇನ್ ದ ಥಿಯೇಟರ್!” ಎಂದು ಹಣೆ ಚಚ್ಚಿಕೊಂಡಳು. ವೈನಿ ಕೇಳುತ್ತಾರೆಯೇ?

ಬಾಡಿಗೆಯ ಪುಟ್ಟ ಸಭಾಂಗಣ, ಭಾನುವಾರದ ಮಧ್ಯಾಹ್ನ. ಕತ್ತಲಲ್ಲಿ ವೈನಿ ಬೆರಳಿನ ಅಂದಾಜಿನಲ್ಲೇ ಬಿಡಿಸಿದರು, ಬಿಡಿಸುತ್ತಲೇ ಹೋದರು. ಸಿನಿಮಾ ಮುಗಿದು ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಹುಡುಗ ನೇರ ನಮ್ಮ ಹತ್ತಿರ ಬಂದ. ಬ್ಲಾಗಿನಿಂದ ಅವನಿಗೆ ಸೊಪ್ಪಿನ ಕತೆ ಗೊತ್ತಿತ್ತು. “ಆಂಟಿ, ಹೇಗಿತ್ತು?”

“ಸಿಟ್ಟಾಗಬ್ಯಾಡ ತಮ್ಮಾ, ಪಲ್ಲೆ ಪೂರಾ ಸೋಸಿ ಮುಗೀತು. ಒಂದ್ ಕಡೆ ಕೈ ನಿಂತಿದ್ವು. ಗ್ಯಾರೇಜಿನ ಬಾಗಲಾ ತಾನ ಅರ್ಧ ತೆರದು ನಿಂತಿತ್ತಲ್ಲ, ಅಲ್ಲೆ. ಅಷ್ಟರಾಗ ನೀ ಢಣಢಣ ಮ್ಯೂಸಿಕ್ ಹಚ್ಚಿದಿ.”

ನಮ್ಮ ಪಾಟ್‌ಲಕ್ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಹುಡುಗನ ಮುಖ ಮೊದಲು ಬಾಡಿತು, ಆಮೇಲೆ ಕಣ್ಣು ಅರಳಿತು.

“ಆ ಶಾಟ್‌ಗೆ ಮ್ಯೂಸಿಕ್ ಬೇಡ ಅಂತಾನೇ ಅನಿಸ್ತಿತ್ತು ಆಂಟಿ. ಜನ ಬೋರ್ ಆಗ್ತಾರೇನೋ ಅಂತ ಹೆದರಿ ಹಾಕ್ದೆ.”

“ನೀ ಅಂಜಬ್ಯಾಡ. ಅಂಜೂದು ನಮ್ಮ ಕೆಲಸ.”

ನಾನು ವಿಮರ್ಶೆಯನ್ನು ತಡೆಹಿಡಿದೆ. ಕೆಲವು ವಾರ ಕೂತು ಅವನು ಸಿನಿಮಾವನ್ನು ಹೊಸದಾಗಿ ಎಡಿಟ್ ಮಾಡಿ, ಅದೇ ಸಭಾಂಗಣದಲ್ಲಿ ಮತ್ತೆ ತೋರಿಸಿದ. ನಾನು ತೆರೆ ನೋಡಲೇ ಇಲ್ಲ, ನೋಡಿದ್ದೆಲ್ಲ ವೈನಿಯ ಕೈಯನ್ನು. ಗ್ಯಾರೇಜಿನ ಬಾಗಿಲು ಅರ್ಧ ತೆರೆದು ನಿಂತಿತು. ಈ ಸಲ ಸದ್ದಿಲ್ಲ. ವೈನಿಯ ಬೆರಳು ಕಡ್ಡಿಯ ಮೇಲೆ ನಿಂತಿದ್ದು, ನಿಂತೇ ಬಿಟ್ಟಿತು! ದೀಪ ಹತ್ತಿದಾಗ ಅವರು ಎದ್ದು, ಇನ್ನೂ ತುಂಬಿಕೊಂಡೇ ಇದ್ದ ಚೀಲವನ್ನು ಎತ್ತಿ ಅವನಿಗೆ ತೋರಿಸಿದರು. ಹುಡುಗ ಕುಣಿದಾಡಿಬಿಟ್ಟ. ನಾನೂ ಕುಣಿದೆ, ಸುಳ್ಳೇಕೆ ಹೇಳಲಿ. ಅವತ್ತು ಬರೆದಷ್ಟು ಖುಷಿಯಿಂದ ನಾನು ಯಾವತ್ತೂ ಬರೆದಿಲ್ಲ.

ವೈನಿ ತೀರಿಕೊಂಡದ್ದು ಗದಗಿನಲ್ಲಿ, ಅಣ್ಣನ ಮಗಳ ಮದುವೆಗೆಂದು ಹೋದವರು ಹೃದಯಾಘಾತವಾಗಿ. ಸುದ್ದಿ ಕೇಳಿದ ಮೇಲೆ ಎಷ್ಟೋ ದಿನ ನಾನು ಟಿವಿಯ ಕಡೆ ಹೋಗಲಿಲ್ಲ. ಕಡೆಗೊಂದು ಬೆಳಿಗ್ಗೆ, ಹೊಸ ಸಿನಿಮಾದ ಬಗ್ಗೆ ಬರೆಯಲೇಬೇಕೆಂದು ಕಿಟಕಿಯ ಪರದೆ ಸರಿಸಿದೆ, ಮೆಂತ್ಯದ ಕಟ್ಟು ಬಿಚ್ಚಿದೆ, ಅಡುಗೆಮನೆಯಿಂದ ತಟ್ಟೆ ತಂದಿಟ್ಟು ಕೂತೆ. ನೋಡಿದರೆ ಎರಡು ತಟ್ಟೆ ತಂದಿದ್ದೆ. ಸಿನಿಮಾ ಇನ್ನೂ ಶುರುವಾಗಿರಲಿಲ್ಲ, ನನ್ನ ಕೈ ಆಗಲೇ ನಿಂತಿತ್ತು.