ಸಾಂಬ್ರಾಣಿ ಹಾಕಲೋ ಬೇಡವೋ

ಎಳೆಗೂಸಿಗೂ ಬಾಣಂತಿಗೂ ನೀರು ಹಾಕುವುದು ನನ್ನ ಕಸುಬು. ಶಿವಾಜಿನಗರದ ಗಲ್ಲಿಗಳಿಂದ ಇಂದಿರಾನಗರದ ದೊಡ್ಡ ಮನೆಗಳವರೆಗೆ ಎಷ್ಟೋ ಕೂಸುಗಳನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದ್ದೇನೆ. ನೀರು ಹಾಕಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಮೇಲೊಂದು ಬುಟ್ಟಿ ಕವುಚಿ, ಬಾಣಂತಿಯ ಒದ್ದೆ ಕೂದಲನ್ನು ಅದರ ಮೇಲೆ ಹರಡುತ್ತಿದ್ದೆ. ಕೂಸನ್ನೂ ಆ ಹೊಗೆಗೆ ಒಂದು ಸಲ ಹಿಡಿಯುತ್ತಿದ್ದೆ. ಇಲ್ಲದಿದ್ದರೆ ಶೀತವಾಗುತ್ತದೆ. ನನಗೆ ಗೊತ್ತಿದ್ದ ವಿದ್ಯೆ ಅದೇ, ಶಾಲೆಯಲ್ಲಿ ಕಲಿತದ್ದು ಹೆಸರು ಬರೆಯುವಷ್ಟು.

ಹೋದ ವರ್ಷ ಕೆಮ್ಮು ನಿಲ್ಲದೆ ಆಸ್ಪತ್ರೆಗೆ ಹೋದೆ. ಶ್ವಾಸಕೋಶದ ಕ್ಯಾನ್ಸರ್ ಅಂದರು.

"ಬೀಡಿ ಸೇದ್ತಿದ್ರಾಮ್ಮ?" ಎಂದು ಡಾಕ್ಟರು ಕೇಳಿದರು.

"ನಾನಲ್ಲ ಡಾಕ್ಟ್ರೇ, ನನ್ ಗಂಡ. ಅವನ ಎದೆಗೇನೂ ಆಗ್ಲಿಲ್ಲ. ಸಕ್ಕರೆ ಕಾಯಿಲೇಲಿ ಹೋದ."

"ಅವರು ಬಿಟ್ಟ ಹೊಗೆ ನೀವೂ ಕುಡಿದಿರ್ತೀರಲ್ಲ. ಎಲ್ಲೆಲ್ಲಿ ಇದ್ರಿ, ಹೇಳಿ."

ಹೇಳಿದೆ. ಹುಟ್ಟಿದ್ದು ಶಿವಾಜಿನಗರ, ಇದ್ದಿಲು ಒಲೆ. ಕೊಟ್ಟದ್ದು ಹಲಸೂರಿಗೆ, ಕಿಟಕಿಯೇ ಇಲ್ಲದ ಅಡಿಗೆಮನೆ, ಸೌದೆ. ಈಗ ಕೆ.ಆರ್. ಪುರ. ಬಾಗಿಲು ತೆಗೆದರೆ ಲಾರಿ ಧೂಳು, ಪಕ್ಕದ ಖಾಲಿ ಸೈಟಿನಲ್ಲಿ ಕಸಕ್ಕೆ ಬೆಂಕಿ. ಕಸುಬು ಹೇಳಿದಾಗ, "ಸಾಂಬ್ರಾಣಿನೂ ಹೊಗೇನೇ ಅಲ್ವಾ?" ಅಂದರು.

"ಇದ್ರಲ್ಲಿ ಯಾವುದ್ರಿಂದ ಬಂತು?"

"ಬೆರಳಿಟ್ಟು ತೋರ್ಸೋಕಾಗಲ್ಲಮ್ಮ. ಎಲ್ಲಾ ಸ್ವಲ್ಪ ಸ್ವಲ್ಪ ಸೇರಿರ್ಬಹುದು. ಇದ್ಯಾವುದೂ ಇಲ್ದೇನೂ ಕೆಲವರಿಗೆ ಬರುತ್ತೆ."

ಇದೆಂಥ ಮಾತು? ಕಳ್ಳ ಯಾರು ಅಂದರೆ ಇಡೀ ಬೀದಿಯನ್ನೇ ತೋರಿಸಿದ ಹಾಗಾಯಿತು. ನನ್ನ ಅಕ್ಕನೂ ಅದೇ ಗಲ್ಲಿಯಲ್ಲಿ, ಅದೇ ಒಲೆಯ ಮುಂದೆ ಬೆಳೆದವಳು. ಇವತ್ತಿಗೂ ಬೀದಿಗೆ ಕೇಳುವ ಹಾಗೆ ಜಗಳವಾಡುತ್ತಾಳೆ.

ನನ್ನದಿರಲಿ, ಮಾತ್ರೆ ನುಂಗುತ್ತಿದ್ದೇನೆ. ತಲೆ ಕೆಟ್ಟದ್ದು ಈಗ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸಿರಾದ ಮಗಳು ಬಾಣಂತನಕ್ಕೆ ನನ್ನ ಮನೆಗೇ ಬಂದಿದ್ದಾಳೆ. ಕೂಸು ಬೆಕ್ಕಿನ ಮರಿಯಷ್ಟಿದೆ. ಮೊದಲ ದಿನ ಇಬ್ಬರಿಗೂ ನೀರು ಹಾಕಿ, ಬುಟ್ಟಿ ಮುಟ್ಟದೆ ಕೂತೆ.

"ಸಾಂಬ್ರಾಣಿ ಎಲ್ಲಮ್ಮಾ?" ಎಂದಳು ಮಗಳು.

"ಬೇಡ ಕಣೇ, ಹೊಗೆ."

"ಇಂದಿರಾನಗರದೋರ ಮಕ್ಕಳಿಗೆಲ್ಲಾ ಹಾಕ್ದೆ, ನನ್ ಮಗೂಗೆ ಮಾತ್ರ ಬೇಡ್ವಾ? ಶೀತ ಆದ್ರೆ ನಮ್ಮತ್ತೆ ಸುಮ್ನೆ ಬಿಡ್ತಾರಾ?"

"ಆ ಡಾಕ್ಟ್ರು…"

"ಸಾಂಬ್ರಾಣಿಯಿಂದ್ಲೇ ಬಂತು ಅಂದ್ರಾ?"

"ಅನ್ಲಿಲ್ಲ."

"ಅದ್ರಿಂದ ಅಲ್ಲ ಅಂದ್ರಾ?"

"ಅದನ್ನೂ ಅನ್ಲಿಲ್ಲ."

"ಮತ್ತೇನಂದ್ರು?"

ಅದು ನನಗೆ ತಿಳಿದಿದ್ದರಲ್ಲವೆ ಹೇಳುವುದು. ತಲೆ ಬಿಸಿಲಿಗೆ ಒಣಗಲಿ ಎಂದು ಇಬ್ಬರನ್ನೂ ಮಹಡಿಗೆ ಹತ್ತಿಸಿದೆ. ಕೂರುವಷ್ಟರಲ್ಲಿ ಖಾಲಿ ಸೈಟಿನಿಂದ ಪ್ಲಾಸ್ಟಿಕ್ ಸುಟ್ಟ ಹೊಗೆ ಎದ್ದು ಬಂತು.

"ಇದಕ್ಕಿಂತ ಸಾಂಬ್ರಾಣಿ ವಾಸಿ ಅಲ್ವೇನಮ್ಮ?" ಎಂದು ಮಗಳು ಮೂಗು ಮುಚ್ಚಿಕೊಂಡಳು.

ಇರಬಹುದು. ಇಲ್ಲದೆಯೂ ಇರಬಹುದು. ಕೂಸನ್ನು ಸೆರಗಿನಲ್ಲಿ ಸುತ್ತಿ ಕೆಳಗೆ ತಂದು ಕಿಟಕಿಗಳನ್ನೆಲ್ಲ ಮುಚ್ಚಿದೆ. ಟವೆಲಿನಿಂದ ಮಗಳ ತಲೆ ಉಜ್ಜುತ್ತ ಕೂತೆ. ಸೊಂಟದವರೆಗಿನ ಕೂದಲು, ಬೇಗ ಒಣಗುವಂಥದ್ದಲ್ಲ. ಬುಟ್ಟಿ ಮೂಲೆಯಲ್ಲೇ ಇತ್ತು.

ಕೂಸು ಸೀನಿತು. ಮಗಳು ತಿರುಗಿ ನನ್ನ ಮುಖ ನೋಡಿದಳು. ಶೀತಕ್ಕೋ, ಹೊಗೆಗೋ, ನನಗೇನು ಗೊತ್ತು? ಇನ್ನೊಂದು ಒಣ ಟವೆಲ್ ತೆಗೆದುಕೊಂಡೆ.